ಬೆರಳು ಹೋದದ್ದು ಯಾರ ತಪ್ಪು?

ಪುಣೆಯ ಭೋಸರಿಯಲ್ಲಿರಲಿ, ಹೈದರಾಬಾದಿನ ಆಟೋನಗರದಲ್ಲಿರಲಿ, ಗ್ಯಾರೇಜುಗಳ ಸಾಲಿನಲ್ಲಿ ನಡೆದು ಹೋದರೆ ಕಲಬುರಗಿ, ಯಾದಗಿರಿ ಕಡೆಯ ಕನ್ನಡ ಕಿವಿಗೆ ಬೀಳುವುದು ಹೊಸದೇನಲ್ಲ. ನಾವು ಕಾರು ಬಿಟ್ಟು ಬರುತ್ತೇವೆ. ಸಂಜೆ ಬಿಲ್ ಬಂದಾಗ ಲೇಬರ್ ಚಾರ್ಜ್ ಜಾಸ್ತಿಯಾಯಿತೆಂದು ಗೊಣಗುತ್ತೇವೆ. ಆ ಕೆಲಸದಲ್ಲಿ ಕೈಬೆರಳು ಎಷ್ಟು ಅಪಾಯದಲ್ಲಿರುತ್ತದೆ ಎಂಬುದು ಬಿಲ್ಲಿನಲ್ಲಿ ಬರುವುದಿಲ್ಲ.

ಜ್ಯಾಕ್ ಇರುವುದು ವಾಹನವನ್ನು ಎತ್ತಲು, ಎತ್ತಿ ಹಿಡಿದಿರಲು ಅಲ್ಲ. ಕೆಳಗೆ ಸ್ಟ್ಯಾಂಡ್ ಕೊಡದೆ ಒಳಗೆ ನುಸುಳಿದರೆ ಒಂದು ಸೀಲ್ ಸೋರಿದರೂ ಸಾಕು. ಟಿಪ್ಪರಿನ ತೊಟ್ಟಿ ಎತ್ತಿ ರಿಪೇರಿ ಮಾಡುವಾಗ ಆಧಾರದ ಕಂಬ ಇಡದಿದ್ದರೆ ಅದೇ ಕಥೆ. ಲಾರಿ ಚಕ್ರಕ್ಕೆ ಗಾಳಿ ತುಂಬುವಾಗ ರಿಮ್ಮಿನ ಲಾಕ್ ರಿಂಗ್ ಸರಿಯಾಗಿ ಕೂರದಿದ್ದರೆ ಗುಂಡಿನಂತೆ ಸಿಡಿಯುತ್ತದೆ. ಅದಕ್ಕೇ ಕಬ್ಬಿಣದ ಪಂಜರದೊಳಗಿಟ್ಟು ತುಂಬಬೇಕು. ಕೆಲವು ಕಾರುಗಳ ರೇಡಿಯೇಟರ್ ಫ್ಯಾನ್ ಇಂಜಿನ್ ಆಫ್ ಆದಮೇಲೂ ತಾನೇ ತಿರುಗಲು ಶುರುವಾಗುತ್ತದೆ.

ಅವಘಡವಾದ ಮೇಲೆ ಮಾಲೀಕರ ಬಾಯಲ್ಲಿ ಮೊದಲು ಬರುವ ಮಾತು, ‘ನೀನು ಸರಿಯಾಗಿ ನೋಡ್ಕೋಬೇಕಿತ್ತು.’ ಮೊದಲ ದಿನದ ಆಸ್ಪತ್ರೆ ಖರ್ಚು ಕೊಟ್ಟು, ಕೈಗೆ ಹತ್ತು ಸಾವಿರ ಇಟ್ಟು, ಊರಿನ ಬಸ್ ಹತ್ತಿಸಿದರೆ ಮುಗಿಯಿತು. ಹುಡುಗನೂ ತಪ್ಪು ತನ್ನದೇ ಎಂದು ನಂಬಿ ಹೋಗುತ್ತಾನೆ. ನಮ್ಮ ಐಟಿ ಆಫೀಸುಗಳಲ್ಲಿ ಸರ್ವರ್ ಬಿದ್ದರೆ ‘ಯಾರು ಬೀಳಿಸಿದರು’ ಎಂದು ಕೇಳಬಾರದು, ‘ಯಾಕೆ ಬಿತ್ತು’ ಎಂದು ಕೇಳಬೇಕು ಎಂದು ಟ್ರೈನಿಂಗ್ ಕೊಡುತ್ತಾರೆ. ಆ ಮರ್ಯಾದೆ ಗ್ಯಾರೇಜಿನ ಹುಡುಗನಿಗೆ ಸಿಗುವುದು ಅಪರೂಪ.

ಆದರೆ ಕಾನೂನು ಅವನಿಗೆ ಆ ಮರ್ಯಾದೆಯನ್ನು 1923ರಲ್ಲೇ ಕೊಟ್ಟಿದೆ. ಆ ವರ್ಷದ ಪರಿಹಾರ ಕಾಯ್ದೆ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ, ತಿರುಳು ಅದೇ. ಕೆಲಸದಿಂದ, ಕೆಲಸದ ವೇಳೆ ಆದ ಗಾಯಕ್ಕೆ ಮಾಲೀಕನೇ ಹೊಣೆ. ಅಜಾಗರೂಕತೆ ಎಂಬ ನೆಪ ನಡೆಯುವುದಿಲ್ಲ. ಕುಡಿದಿದ್ದರೆ ಅಥವಾ ಬೇಕೆಂದೇ ಸುರಕ್ಷಾ ಸಾಧನ ತೆಗೆದಿದ್ದರೆ, ಇಂಥ ಸಂದರ್ಭಗಳಲ್ಲಿ ವಿನಾಯಿತಿ. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯವಾದರೆ ಅದೂ ಇಲ್ಲ. ಮೋಟಾರು ವಾಹನಗಳ ದುರಸ್ತಿ ಮತ್ತು ನಿರ್ವಹಣೆ ಕಾಯ್ದೆಯ ಪಟ್ಟಿಯಲ್ಲೇ ಹೆಸರಿಸಿರುವ ಕೆಲಸ.

ಲೆಕ್ಕ ಹೀಗೆ. 25 ವರ್ಷದವನಿಗೆ ವಯಸ್ಸಿನ ಗುಣಕ 216.91. ತಿಂಗಳ ಸಂಬಳ 15,000 ರೂಪಾಯಿಯಾದರೆ ಅದರ ಶೇ. 60, ಅಂದರೆ 9,000ವನ್ನು ಇದರಿಂದ ಗುಣಿಸಿದರೆ 19.52 ಲಕ್ಷ. ಹೆಬ್ಬೆರಳು ಹೋದರೆ ಶೇ. 30ರಷ್ಟು ನಷ್ಟ ಎಂದು ಪಟ್ಟಿ ಹೇಳುತ್ತದೆ. ಅಂದರೆ ಸುಮಾರು 5 ಲಕ್ಷ 85 ಸಾವಿರ. ಕೈಗಿಟ್ಟ ಹತ್ತು ಸಾವಿರವನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ, ಸಂಬಳ 21,000ದೊಳಗಿದ್ದರೆ ದಾರಿ ಇಎಸ್‌ಐ. ಅಲ್ಲಿ ಚಿಕಿತ್ಸೆಯ ಜೊತೆಗೆ, ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಸಂಬಳದ ಶೇ. 90 ಸಿಗುತ್ತದೆ. ಸೇರಿದ ಮೊದಲ ದಿನವೇ ಗಾಯವಾದರೂ ಈ ಹಕ್ಕುಂಟು. ಇಎಸ್‌ಐ ಇದ್ದವರಿಗೆ ಮಾಲೀಕನಿಂದ ಬೇರೆ ಪರಿಹಾರವಿಲ್ಲ.

ಮಾಡಬೇಕಾದ್ದು ಇಷ್ಟು. ಆಸ್ಪತ್ರೆಯಲ್ಲಿ ‘ಮನೆಯಲ್ಲಿ ಬಿದ್ದೆ’ ಎನ್ನಬಾರದು. ಕೆಲಸದ ಜಾಗದಲ್ಲಿ ಆದದ್ದೆಂದು ಚೀಟಿಯಲ್ಲಿ ಬರೆಸಬೇಕು. ಸಂಬಳ ಬಂದ ಯುಪಿಐ ಮೆಸೇಜು, ಮಾಲೀಕನ ವಾಟ್ಸಾಪ್, ಜೊತೆಗಾರರ ನಂಬರು, ಜಾಗದ ಫೋಟೋ ಜೋಪಾನ ಮಾಡಬೇಕು. ಮಾಲೀಕನಿಗೆ ಬರಹದಲ್ಲಿ ನೋಟಿಸ್ ಕೊಡಬೇಕು. ಖಾಲಿ ಹಾಳೆಗೆ ಸಹಿ ಬೇಡ. ‘ಇನ್ನು ಏನೂ ಕೇಳುವುದಿಲ್ಲ’ ಎಂದು ಬರೆದುಕೊಟ್ಟಿದ್ದರೂ ಹೆದರಬೇಕಿಲ್ಲ, ಹಕ್ಕು ಬಿಟ್ಟುಕೊಡುವ ಅಂಥ ಒಪ್ಪಂದಕ್ಕೆ ಬೆಲೆಯಿಲ್ಲ. ಅರ್ಜಿಗೆ ಎರಡು ವರ್ಷದ ಗಡುವಿದೆ.

ವಲಸೆ ಬಂದವರಿಗೆ ಮುಖ್ಯವಾದ ಇನ್ನೊಂದು ಸಂಗತಿ: ಅವಘಡ ಭೋಸರಿಯಲ್ಲಿ ಆಗಿದ್ದರೂ, ಊರಿಗೆ ಮರಳಿ ಅಲ್ಲೇ ನೆಲೆಸಿದವನು ತನ್ನ ಊರಿನ ವ್ಯಾಪ್ತಿಯ ಸಕ್ಷಮ ಪ್ರಾಧಿಕಾರದ ಮುಂದೆಯೇ ಅರ್ಜಿ ಹಾಕಬಹುದು. ಉಚಿತ ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಬಹುದು.

ಇವರಲ್ಲಿ ಹಲವರಿಗೆ ಮರಾಠಿ, ತೆಲುಗು ಮಾತಾಡಲು ಬರುತ್ತದೆ, ಬರೆಯಲು ಬರುವುದಿಲ್ಲ. ಒಂದು ಪುಟದ ನೋಟಿಸ್ ಟೈಪ್ ಮಾಡಿ ಸ್ಪೀಡ್ ಪೋಸ್ಟಿಗೆ ಹಾಕಲು ನಮಗೆ ಅರ್ಧ ಗಂಟೆ ಸಾಕು. ನಿಮ್ಮೂರಿನ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಇಂಥವರಿಗೆ ಯಾರ ನಂಬರು ಕೊಡಬೇಕೆಂದು ಈ ವಾರವೇ ತೀರ್ಮಾನಿಸಿ.