ಮುಷ್ಕರ ಮುಗಿದ ಮೇಲೂ ಉಳಿಯಬೇಕಾದ ಸಂಘಟನೆ

2024ರ ಆಗಸ್ಟ್‌ನಲ್ಲಿ ಕೋಲ್ಕತಾದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ತರಬೇತಿ ನಿರತ ವೈದ್ಯೆಯ ಅತ್ಯಾಚಾರ ಮತ್ತು ಹತ್ಯೆ ನಡೆದಾಗ ದೇಶದಾದ್ಯಂತ ಕಿರಿಯ ವೈದ್ಯರು ಬೀದಿಗಿಳಿದರು. ಸುಪ್ರೀಮ್ ಕೋರ್ಟು ಕಾರ್ಯಪಡೆ ರಚಿಸಿತು. ರಾಷ್ಟ್ರೀಯ ವೈದ್ಯಕೀಯ ಆಯೋಗದ ಇನ್ನೊಂದು ಕಾರ್ಯಪಡೆ ಅದೇ ವರ್ಷ, ರೆಸಿಡೆಂಟ್ ವೈದ್ಯರ ದುಡಿಮೆ ವಾರಕ್ಕೆ 74 ಗಂಟೆ ಮೀರಬಾರದೆಂದು ಶಿಫಾರಸು ಮಾಡಿತು. ಆದರೆ ದಿನಕ್ಕೆ 12, ವಾರಕ್ಕೆ 48 ಗಂಟೆಗಳ ಮಿತಿಯನ್ನು ಕೇಂದ್ರ ಸರಕಾರ 1992ರಲ್ಲಿಯೇ ಸೂಚಿಸಿತ್ತು! ಆ ಸೂಚನೆ ಕಡತದಲ್ಲಿ ಉಳಿದುದೇಕೆ? ಅಧಿಕಾರಸ್ಥರ ನಿರ್ಲಕ್ಷ್ಯ ಮೊದಲ ಕಾರಣ. ಬಿಡದೆ ಕೇಳುವವರ ಕೊರತೆ ಎರಡನೆಯದು.

ಯುವ ಶಸ್ತ್ರಚಿಕಿತ್ಸಕರ ಮಟ್ಟಿಗೆ ಈ ಕೊರತೆ ಇನ್ನೂ ಗಂಭೀರ. ಎಂ.ಎಸ್. ವ್ಯಾಸಂಗ ಮೂರೇ ವರ್ಷ. ನಾಯಕತ್ವ ಪಳಗುವಷ್ಟರಲ್ಲಿ ನಾಯಕರು ಊರು ಬಿಟ್ಟಿರುತ್ತಾರೆ. ಮುಷ್ಕರದಲ್ಲಿ ಹುಟ್ಟಿದ ಸಂಘ ಭರವಸೆಯ ಪತ್ರ ಕೈಸೇರಿದೊಡನೆ ಕರಗುತ್ತದೆ. 1938ರಲ್ಲಿ ಸ್ಥಾಪನೆಯಾದ ಭಾರತೀಯ ಶಸ್ತ್ರಚಿಕಿತ್ಸಕರ ಸಂಘ ನಮ್ಮಲ್ಲಿದೆ, ನಿಜ. ಆದರೆ ಕಿರಿಯರ ಪ್ರಶ್ನೆಗಳೇ ಬೇರೆ: ಸ್ವಂತ ಕೈಯಿಂದ ಎಷ್ಟು ಶಸ್ತ್ರಕ್ರಿಯೆ ಮಾಡಲು ಅವಕಾಶ ಸಿಕ್ಕಿತು? ತಾಲೂಕು ಆಸ್ಪತ್ರೆಯಲ್ಲಿ ನಡುರಾತ್ರಿ ಒಬ್ಬಂಟಿಯಾದಾಗ ಸಲಹೆ ನೀಡುವ ಹಿರಿಯರು ಯಾರು? ಮೇಲಧಿಕಾರಿಯ ವಿರುದ್ಧ ದೂರಿದರೆ ರಕ್ಷಣೆ ಯಾರದು?

ಬ್ರಿಟನ್ನಿನಲ್ಲಿ ತರಬೇತಿ ನಿರತ ಶಸ್ತ್ರಚಿಕಿತ್ಸಕರು 1976ರಲ್ಲಿ ಕಟ್ಟಿದ ಸಂಘ ಸುಮಾರು ಐದು ದಶಕಗಳಿಂದ ಬಾಳಿದೆ. ಅಲ್ಲಿಯೂ ಸದಸ್ಯರು ಬಂದುಹೋಗುವವರೇ. ಆದರೆ ಚುನಾಯಿತ ಮಂಡಳಿ ಮತ್ತು ವಾರ್ಷಿಕ ಸಮ್ಮೇಳನ ನಿಂತಿಲ್ಲ. ತರಬೇತಿಯ ಗುಣಮಟ್ಟವನ್ನೇ ಅವರು ಮುಖ್ಯ ವಿಷಯವಾಗಿಸಿಕೊಂಡರು. ವ್ಯಕ್ತಿಗಳು ಬದಲಾದರೂ ವ್ಯವಸ್ಥೆ ಉಳಿಯಿತು.

ನಮ್ಮ ಯುವ ವೈದ್ಯರಿಗೆ ಇದು ಅಸಾಧ್ಯವೇನಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಡಿ ಸಂಘ ಸ್ಥಾಪಿಸಲು ಏಳು ಮಂದಿ ಸಾಕು. ಆದರೆ ನೋಂದಣಿಯೇ ಸಂಘಟನೆಯಲ್ಲ. ಸಭೆಯ ನಡಾವಳಿ ಬರೆದಿಡಬೇಕು, ಲೆಕ್ಕಪತ್ರ ವರ್ಷಕ್ಕೊಮ್ಮೆ ಎಲ್ಲರ ಮುಂದಿಡಬೇಕು. ಪದಾಧಿಕಾರಿಗಳೆಲ್ಲ ಒಮ್ಮೆಲೇ ನಿರ್ಗಮಿಸದೆ ಅರ್ಧದಷ್ಟು ಮಂದಿಯಾದರೂ ಹೊಸಬರೊಂದಿಗೆ ಒಂದು ವರ್ಷ ಮುಂದುವರಿಯಬೇಕು. ಶಿಕ್ಷಣ ಮುಗಿಸಿ ಜಿಲ್ಲೆಗಳಿಗೆ ಹೋದವರ ಸದಸ್ಯತ್ವವೂ ಮುಂದುವರಿಯಬೇಕು. ಮಹಿಳಾ ಶಸ್ತ್ರಚಿಕಿತ್ಸಕರಿಗೆ ವೇದಿಕೆಯ ಅಲಂಕಾರವಲ್ಲ, ನಿರ್ಧಾರದ ಹಕ್ಕು ಬೇಕು. ಸಂಘವು ಜಾತಿ, ಪಕ್ಷ, ಔಷಧ ಕಂಪೆನಿಗಳ ಹಂಗಿನಿಂದ ದೂರವಿರಬೇಕು. ಕಂಪೆನಿಯ ಹಣದಿಂದ ನಡೆಯುವ ಸಂಘಕ್ಕೆ ಸ್ವಂತ ದನಿ ಇರುವುದಿಲ್ಲ.

ಇದು ವೈದ್ಯರ ಹಿತದ ಪ್ರಶ್ನೆ ಮಾತ್ರವೇ? ಖಂಡಿತ ಅಲ್ಲ. ನಿದ್ದೆಗೆಟ್ಟ ಕೈಗೆ ಕತ್ತರಿ ಕೊಟ್ಟರೆ ಅದರ ಬೆಲೆ ತೆರುವವನು ಮೇಜಿನ ಮೇಲೆ ಮಲಗಿರುವ ಬಡ ರೋಗಿ. ಆದ್ದರಿಂದ ಇಂಥ ಸಂಘ ವೇತನದ ಜೊತೆಗೆ ರೋಗಿಯ ಸುರಕ್ಷತೆಯನ್ನೂ ತನ್ನ ಬೇಡಿಕೆಯಾಗಿಸಿಕೊಳ್ಳಬೇಕು. ಆಗ ಜನತೆಯೂ ಅದರ ಬೆನ್ನಿಗೆ ನಿಲ್ಲುತ್ತದೆ. ಮುಂದಿನ ದುರಂತಕ್ಕಾಗಿ ಕಾಯದೆ ಆ ಕೆಲಸ ಇಂದೇ ಆರಂಭವಾಗಲಿ ಎಂಬುದು ನಮ್ಮ ಆಶಯ.