ಬರಿದಾದ ಕಚೇರಿಯೂ ವೃದ್ಧರ ಆಸರೆಯೂ



ಕೊರೋನಾ ಸಾಂಕ್ರಾಮಿಕವು 2020ರಲ್ಲಿ ಹಬ್ಬಿದ ಬಳಿಕ ಇಂಗ್ಲೆಂಡಿನ ನಗರಗಳಲ್ಲಿ ಅನೇಕರು ಮನೆಯಲ್ಲಿದ್ದುಕೊಂಡೇ ಕಚೇರಿಯ ಕೆಲಸ ಮಾಡುವ ರೂಢಿಗೆ ಬಂದರು. ಎಷ್ಟೋ ಕಚೇರಿ ಕಟ್ಟಡಗಳು ಬರಿದಾಗಿ ನಿಂತವು. ಆಸರೆ ಬೇಕಾದ ವೃದ್ಧರ ಸಂಖ್ಯೆ ಮಾತ್ರ ಅಲ್ಲಿ ಏರುತ್ತಲೇ ಇದೆ. ಬರಿದಾದ ಕಟ್ಟಡವನ್ನು ವೃದ್ಧರ ಆರೈಕೆ ಮನೆಯಾಗಿಸಬಾರದೇಕೆ ಎಂಬ ಆಲೋಚನೆ ಸಹಜವಾದುದೇ. ನಮ್ಮ ಮನೆತನಗಳ ಮಕ್ಕಳೂ ಆ ನಾಡಿನಲ್ಲಿ ನೆಲೆಸಿರುವುದರಿಂದ, ಇದಕ್ಕೆ ಅಲ್ಲಿನ ಕಾನೂನು ತೋರುವ ದಾರಿಯನ್ನು ಈ ಸಲ ವಿವೇಚಿಸಬಯಸುತ್ತೇವೆ.

1947ರಲ್ಲಿ ರಚಿತವಾದ ನಗರ ಮತ್ತು ಗ್ರಾಮ ಯೋಜನಾ ಕಾಯಿದೆಯ ಕಾಲದಿಂದ ಅಲ್ಲಿ ಕಟ್ಟಡದ ಒಡೆತನ ಬೇರೆ, ಅದರ ಬಳಕೆಯನ್ನು ಬದಲಿಸುವ ಅಧಿಕಾರ ಬೇರೆ. ಬಳಕೆಗೆ ತಕ್ಕಂತೆ ಕಟ್ಟಡಗಳಿಗೆ ವರ್ಗಗಳುಂಟು. 2020ರ ಸೆಪ್ಟೆಂಬರ್ 1ರಿಂದ ಕಚೇರಿಯು ‘ಇ’ ವರ್ಗಕ್ಕೆ ಸೇರಿದೆ. ಆರೈಕೆ ಮನೆಯದು ‘ಸಿ2’, ಸಾಮಾನ್ಯ ವಾಸದ ಮನೆಯದು ‘ಸಿ3’. ಕಚೇರಿಯನ್ನು ವಾಸದ ಮನೆಗಳಾಗಿ ಮಾರ್ಪಡಿಸುವುದಕ್ಕೆ 2013ರಿಂದ ಸುಲಭದ ಮಾರ್ಗವೊಂದಿದೆ. ಗೊತ್ತುಪಡಿಸಿದ ಕೆಲವು ಅಂಶಗಳ ಬಗ್ಗೆ ಮಾತ್ರ ಪೂರ್ವಾನುಮೋದನೆ ಪಡೆದರಾಯಿತು. ವೃದ್ಧರ ಆರೈಕೆ ಮನೆಗೆ ಆ ಸೌಲಭ್ಯವಿಲ್ಲ. ಅದಕ್ಕೆ ಪೂರ್ಣ ಅನುಮತಿಯೇ ಬೇಕು.

ಅರ್ಜಿಯು ಸ್ಥಳೀಯ ಆಡಳಿತ ಮಂಡಳಿಗೆ ಸಲ್ಲಬೇಕು. ನೆರೆಹೊರೆಯವರ ಅಭಿಪ್ರಾಯಕ್ಕೆ 21 ದಿನಗಳ ಅವಧಿ. ನಿರ್ಣಯಕ್ಕೆ ಸಾಮಾನ್ಯವಾಗಿ 8 ವಾರ, ದೊಡ್ಡ ಯೋಜನೆಯಾದರೆ 13 ವಾರ. ರಾತ್ರಿ ವೇಳೆ ಬಂದುಹೋಗುವ ಆಂಬುಲೆನ್ಸ್, ಪಾಳಿ ಬದಲಾಗುವಾಗಿನ ವಾಹನ ದಟ್ಟಣೆ, ಅಡುಗೆಮನೆಯ ಹೊಗೆ, ಪಕ್ಕದ ಮನೆಯೊಳಕ್ಕೆ ನೇರವಾಗಿ ಕಾಣುವ ಕಿಟಕಿ ಇವೆಲ್ಲ ಪರಿಗಣನೆಗೆ ಅರ್ಹವಾದ ಆಕ್ಷೇಪಗಳು. ಆದರೆ ‘ನಮ್ಮ ಮನೆಯ ಬೆಲೆ ಇಳಿದೀತು’ ಎಂಬ ಆತಂಕವನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಚೇರಿ ಜಾಗವನ್ನು ಉದ್ಯೋಗಕ್ಕೇ ಕಾಯ್ದಿಡಬೇಕೆಂಬ ಧೋರಣೆ ಇರುವೆಡೆ, ಬಹುಕಾಲ ಪ್ರಕಟಣೆ ಕೊಟ್ಟರೂ ಬಾಡಿಗೆದಾರರು ದೊರೆಯಲಿಲ್ಲವೆಂಬುದಕ್ಕೆ ಪುರಾವೆ ಒದಗಿಸಬೇಕಾದೀತು. ಆರೈಕೆ ಮನೆಯೂ ಹಲವರಿಗೆ ಉದ್ಯೋಗ ನೀಡುವುದೆಂಬ ವಾದಕ್ಕೆ ಅಲ್ಲಿ ತೂಕವಿದೆ.

ಅರ್ಜಿ ತಿರಸ್ಕೃತವಾದರೆ ಕಾರಣಗಳನ್ನು ಬರವಣಿಗೆಯಲ್ಲಿ ತಿಳಿಸಬೇಕು. 6 ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಅನುಮತಿ ದೊರೆತರೆ ಸಾಮಾನ್ಯವಾಗಿ 3 ವರ್ಷಗಳೊಳಗೆ ಕೆಲಸ ಆರಂಭವಾಗಬೇಕು. ಕಟ್ಟಡ ನಿಯಮಗಳ ಪಾಲನೆ, ಆರೈಕೆ ಗುಣಮಟ್ಟ ಆಯೋಗದಲ್ಲಿ ನೋಂದಣಿ ಇವು ಬೇರೆಯೇ ಮೆಟ್ಟಿಲುಗಳು.

ವಾಸದ ಮನೆಗೆ ಸುಲಭವಾದುದು ವೃದ್ಧರ ಮನೆಗೆ ಕಠಿಣವಾದುದೇಕೆ ಎಂದು ಕೆಲವರು ಕೇಳಿಯಾರು. ಪರಿಶೀಲನೆ ಬಿಗಿಯಾಗಿರುವುದು ಯೋಗ್ಯವೆಂದೇ ನಾವು ಭಾವಿಸುತ್ತೇವೆ. ಕಚೇರಿಯ ನೌಕರನು ಸಂಜೆಗೆ ಮನೆಗೆ ಹಿಂದಿರುಗುತ್ತಾನೆ. ಬೆಂಕಿ ಬಿದ್ದರೆ ಮೆಟ್ಟಿಲಿಳಿದು ಓಡುತ್ತಾನೆ. ಹಾಸಿಗೆ ಹಿಡಿದ ವೃದ್ಧೆಗೆ ಆ ಕೊಠಡಿಯೇ ಲೋಕ. ಅಗಲವಾದ ಕಚೇರಿಯ ನಡುಭಾಗಕ್ಕೆ ಹಗಲಿನ ಬೆಳಕು ತಲುಪದು. ಮಂಚ ಹಿಡಿಯದ ಲಿಫ್ಟ್ ಆಕೆಗೆ ನಿರುಪಯುಕ್ತ. ಅಗ್ನಿ ಅವಘಡವಾದರೆ, ಅದೇ ಅಂತಸ್ತಿನ ಸುರಕ್ಷಿತ ವಿಭಾಗಕ್ಕೆ ಆಕೆಯನ್ನು ಸಾಗಿಸುವ ವ್ಯವಸ್ಥೆ ಇರಬೇಕು. ಕರುಣೆಯಿಂದ ಹೊರಟವರು ಇಂಥ ಪ್ರಶ್ನೆಗಳಿಗೆ ನಕ್ಷೆಯಲ್ಲಿಯೇ ಉತ್ತರ ಕೊಡಬೇಕು; ನೆರೆಯವರನ್ನು ಅರ್ಜಿಗೆ ಮೊದಲೇ ಕಂಡು ಮಾತನಾಡಬೇಕು.

ನಮ್ಮ ದೇಶದ 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯಿದೆಯ 19ನೆಯ ಕಲಮು, ಜಿಲ್ಲೆಗೆ ಕನಿಷ್ಠ ಒಂದರಂತೆ, 150 ಮಂದಿ ನಿರ್ಗತಿಕ ಹಿರಿಯರಿಗೆ ಸ್ಥಳವಿರುವ ವೃದ್ಧಾಶ್ರಮಗಳನ್ನು ರಾಜ್ಯಗಳು ತೆರೆಯಬಹುದೆನ್ನುತ್ತದೆ. ಅಂಥದೊಂದು ಆಶ್ರಮ ನಮ್ಮ ಬೀದಿಗೇ ಬರುವುದಾದರೆ ನಾವು ಏನೆನ್ನುವೆವು? ಬೆಳಕು, ಬಾಗಿಲು, ಸುರಕ್ಷತೆಗಳ ಬಗ್ಗೆ ಧಾರಾಳವಾಗಿ ಪ್ರಶ್ನಿಸೋಣ. ಆದರೆ ಮನೆಯ ಬೆಲೆಯನ್ನು ಮುಂದಿಟ್ಟು ಹಿರಿಯರನ್ನು ಬಾಗಿಲಿನಿಂದ ಹಿಂದಕ್ಕೆ ಕಳುಹಿಸದಿರೋಣ.