ಯುದ್ಧವಿಮಾನಕ್ಕೆ ಆದಾಯ ಪ್ರಮಾಣಪತ್ರ ಬೇಡವೆ?

ಸೈನ್ಯಕ್ಕೆ ಕೊಡುವ ಹಣ ಸಾಲದು, ದೇಶದ ಒಟ್ಟು ಉತ್ಪನ್ನದಲ್ಲಿ ನೂರಕ್ಕೆ ಮೂರು ಪಾಲನ್ನು ಅದಕ್ಕೇ ಎತ್ತಿಡಬೇಕು ಎಂಬ ಕೂಗು ಮತ್ತೆ ಎದ್ದಿದೆ. ನಿವೃತ್ತ ಜನರಲ್‌ಗಳು ಟೀವಿಯಲ್ಲಿ ಕೂತು ಹೇಳುತ್ತಾರೆ. ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿ ಹಿಂದೆಯೇ ಹೇಳಿದೆ. ಆಯುಧ ಮಾರುವ ದೇಶಗಳಂತೂ ಬಿಡುವುದೇ ಇಲ್ಲ. 2025ರ ಫೆಬ್ರವರಿಯಲ್ಲಿ ನಮ್ಮ ಪ್ರಧಾನಿ ವಾಷಿಂಗ್ಟನ್ನಿಗೆ ಹೋದಾಗ ಅಮೆರಿಕದ ಅಧ್ಯಕ್ಷ ಟ್ರಂಪ್ ಅವರನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು, ಭಾರತಕ್ಕೆ ಆಯುಧ ಮಾರಾಟ ಹೆಚ್ಚಿಸುತ್ತೇವೆ, ಎಫ್-35 ವಿಮಾನ ಕೊಡುವುದಕ್ಕೂ ದಾರಿ ಮಾಡುತ್ತೇವೆ ಎಂದು ಸಾರಿದರು. ಅದೇ ವರ್ಷದ ಜೂನ್‌ನಲ್ಲಿ ಹೇಗ್ ನಗರದಲ್ಲಿ ಸೇರಿದ ನೇಟೋ ದೇಶಗಳು 2035ರೊಳಗೆ ನೂರಕ್ಕೆ ಐದು ಪಾಲು ಕೊಡುತ್ತೇವೆಂದು ಒಪ್ಪಿಕೊಂಡವು. ಈಗ ಇಲ್ಲಿಯವರಿಗೆ ಒಂದು ಹೊಸ ಮಾತು ಸಿಕ್ಕಿದೆ. ಅವರು ಐದು ಕೊಡುವಾಗ ನಾವು ಎರಡರ ಹತ್ತಿರ ನಿಂತರೆ ಹೇಗೆ?

ಉಚ್ಚಿಲದ ಕಾಲನಿಯಲ್ಲಿ ಕೂತವನಿಗೆ ಇದರಲ್ಲಿ ಏನು ಕೆಲಸ ಎಂದು ಕೇಳುವವರಿದ್ದಾರೆ. ನಮ್ಮ ಮಾವನೇ ಕೇಳಿದರು: "ಎಂತ ಮಾರಾಯ, ಮಿಲಿಟರಿಯವರ ಲೆಕ್ಕ ಕೇಳುದಾ ನೀನು? ನಾಳೆ ಪೊಲೀಸರು ಬಂದ್ರೆ ಯಾರು ಉತ್ತರ ಕೊಡುದು?" ಆ ಹೆದರಿಕೆಯೇ ಈ ಬರಹಕ್ಕೆ ಕಾರಣ. ಬೀಡಿ ಕಟ್ಟಿ ಬಂದ ದುಡ್ಡಲ್ಲಿ ನನ್ನ ಅಮ್ಮ ಸಾಬೂನು ತಗೊಂಡರೂ ತೆರಿಗೆ ಕೊಡುತ್ತಾಳೆ. ಕೊಟ್ಟವಳ ಮಗ ಲೆಕ್ಕ ಕೇಳಿದರೆ ದೇಶದ್ರೋಹ ಹೇಗಾಗುತ್ತದೆ?

ಗೆಳೆಯರೇ, ಮೊದಲು ಅಂಕಿ ನೋಡುವ. 2013-14ರಲ್ಲಿ ರಕ್ಷಣಾ ಮಂತ್ರಾಲಯಕ್ಕೆ ಸಿಕ್ಕಿದ್ದು 2.53 ಲಕ್ಷ ಕೋಟಿ ರೂಪಾಯಿ. 2025-26ರ ಬಜೆಟ್ಟಿನಲ್ಲಿ 6.81 ಲಕ್ಷ ಕೋಟಿ. ಕೇಂದ್ರ ಸರ್ಕಾರ ಖರ್ಚು ಮಾಡುವ ಪ್ರತಿ ನೂರು ರೂಪಾಯಿಯಲ್ಲಿ ಹದಿಮೂರೂವರೆ. 2024ರಲ್ಲಿ ಜಗತ್ತಿನಲ್ಲಿ ಸೈನ್ಯಕ್ಕೆ ಅತಿ ಹೆಚ್ಚು ಖರ್ಚು ಮಾಡಿದ ದೇಶಗಳ ಪಟ್ಟಿಯಲ್ಲಿ ನಮ್ಮದು ಐದನೇ ಸ್ಥಾನ. ಅದೇ 2025-26ರಲ್ಲಿ ಶಿಕ್ಷಣ ಮಂತ್ರಾಲಯಕ್ಕೆ 1.28 ಲಕ್ಷ ಕೋಟಿ, ಆರೋಗ್ಯಕ್ಕೆ ಒಂದು ಲಕ್ಷ ಕೋಟಿಗೂ ಸ್ವಲ್ಪ ಕಡಿಮೆ. ಎರಡನ್ನೂ ಕೂಡಿಸಿದರೆ ರಕ್ಷಣೆಯ ಮೂರನೇ ಒಂದು ಪಾಲಾಗುತ್ತದೆ. ಉದ್ಯೋಗ ಖಾತ್ರಿಗೆ 2024-25ರಲ್ಲೂ 86,000 ಕೋಟಿ, 2025-26ರಲ್ಲೂ ಅದೇ 86,000 ಕೋಟಿ, ಒಂದು ರೂಪಾಯಿ ಹೆಚ್ಚಿಲ್ಲ. ಆಮೇಲೆ 2025ರ ಡಿಸೆಂಬರ್‌ನಲ್ಲಿ ಆ ಕಾಯ್ದೆಯನ್ನೇ ಕಿತ್ತು ಹೊಸದೊಂದು ತಂದರು. ಅದರಲ್ಲಿ ಖರ್ಚಿನ ನೂರಕ್ಕೆ ನಲವತ್ತು ಪಾಲನ್ನು ರಾಜ್ಯಗಳೇ ಹೊರಬೇಕು. ಕೂಲಿಯವನ ಖರ್ಚನ್ನು ಹಂಚಿಕೊಳ್ಳಲು ಪಾಲುಗಾರರು ಬೇಕು. ಫಿರಂಗಿಯ ಖರ್ಚಿಗೆ ಬೇಡ.

ಈಗ ಮಾಷ್ಟ್ರುಗಳಿಗೆ ಒಂದು ಲೆಕ್ಕ. ಏಳನೇ ತರಗತಿಯ ಮಕ್ಕಳೂ ಮಾಡಬಹುದಾದ ಲೆಕ್ಕ. 2025ರ ಏಪ್ರಿಲ್‌ನಲ್ಲಿ ನೌಕಾಪಡೆಗಾಗಿ ಫ್ರಾನ್ಸಿನಿಂದ 26 ರಫೇಲ್ ವಿಮಾನ ಕೊಳ್ಳುವ ಒಪ್ಪಂದಕ್ಕೆ ಸಹಿ ಬಿತ್ತು. ಬೆಲೆ ಸುಮಾರು 63,000 ಕೋಟಿ. ಆಯುಧ, ತರಬೇತಿ, ಬಿಡಿಭಾಗ ಎಲ್ಲ ಸೇರಿ ಒಂದು ವಿಮಾನಕ್ಕೆ 2,400 ಕೋಟಿ ದಾಟುತ್ತದೆ. ಇನ್ನೊಂದು ಕಡೆ, 2023ರ ನವೆಂಬರ್‌ನಲ್ಲಿ ಪಿಎಂ-ಜನಮನ್ ಎಂಬ ಯೋಜನೆ ಬಂತು. ಈ ದೇಶದ ಅತ್ಯಂತ ಹಿಂದುಳಿದ 75 ಬುಡಕಟ್ಟುಗಳಿಗೆ ಮನೆ, ನೀರು, ರಸ್ತೆ, ಕರೆಂಟು, ಅಂಗನವಾಡಿ, ಎಲ್ಲಕ್ಕೂ ಸೇರಿ ಮೂರು ವರ್ಷಕ್ಕೆ 24,104 ಕೋಟಿ. ಅದರಲ್ಲೂ ರಾಜ್ಯಗಳ ಪಾಲು ಉಂಟು. ಕರ್ನಾಟಕದಿಂದ ಆ ಪಟ್ಟಿಯಲ್ಲಿರುವವರು ಇಬ್ಬರು: ಜೇನುಕುರುಬರು ಮತ್ತು ನಮ್ಮ ಉಡುಪಿ-ಮಂಗಳೂರು ಸೀಮೆಯ ಕೊರಗರು. ಭಾಗಿಸಿ ನೋಡಿ. 75 ಜನಾಂಗಗಳ ಮೂರು ವರ್ಷದ ಬದುಕು ಹತ್ತು ವಿಮಾನಕ್ಕೆ ಸಮ.

ವಿಮಾನ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. 2020ರ ಜೂನ್‌ನಲ್ಲಿ ಗಲ್ವಾನಿನಲ್ಲಿ ಇಪ್ಪತ್ತು ಸೈನಿಕರು ಸತ್ತದ್ದು ಸುಳ್ಳಲ್ಲ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮಿನಲ್ಲಿ 26 ಮಂದಿಯನ್ನು ಕೊಂದದ್ದೂ ಸುಳ್ಳಲ್ಲ. ಗಡಿಯಲ್ಲಿ ಶತ್ರು ಇದ್ದಾನೆ, ಒಪ್ಪಿದೆ. ನನ್ನ ಜಗಳ ಬೇರೆಯೇ. ಈ ದೇಶದಲ್ಲಿ ಹಣ ಕೇಳುವವರಲ್ಲಿ ಎರಡು ಜಾತಿ ಉಂಟು. ಒಂದು ಜಾತಿ ತನ್ನ ಅಗತ್ಯವನ್ನು ದಿನವೂ ರುಜುವಾತು ಮಾಡಬೇಕು. ಇನ್ನೊಂದು ಜಾತಿಗೆ ರುಜುವಾತು ಕೇಳುವುದೇ ಅಪರಾಧ.

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲನೆಯವನು ನಾನು. ಸ್ಕಾಲರ್‌ಶಿಪ್ಪಿಗಾಗಿ ಎಷ್ಟು ಕಾಗದ ಕೊಟ್ಟೆ ಎಂಬುದು ನನಗೇ ನೆನಪಿಲ್ಲ. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಆಧಾರ್ ಜೋಡಣೆ, ಬ್ಯಾಂಕ್ ಪುಸ್ತಕದ ನಕಲು, ಹಾಜರಾತಿ ಪತ್ರ. ವರ್ಷಕ್ಕೆ ಎರಡೂವರೆ ಲಕ್ಷಕ್ಕಿಂತ ಒಂದು ರೂಪಾಯಿ ಹೆಚ್ಚಿದ್ದರೆ ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇಲ್ಲ. ಕಾಗದ ಹಿಡಿದು ಅಮ್ಮ ಕಚೇರಿಯ ಮೆಟ್ಟಿಲಲ್ಲಿ ಕೂತ ದಿನಗಳ ಬೀಡಿ ಕೂಲಿ ಹೋಯಿತು. ಕೊನೆಯ ವರ್ಷದ ದುಡ್ಡು ಖಾತೆಗೆ ಬಿದ್ದಾಗ ನನ್ನ ಕಾಲೇಜು ಮುಗಿದು ತಿಂಗಳುಗಳಾಗಿದ್ದವು.

ವಿಮಾನಕ್ಕೆ ಯಾವ ನಾಡಕಚೇರಿ? 2016ರಲ್ಲಿ 36 ರಫೇಲ್ ಕೊಂಡಾಗ ಬೆಲೆಯ ವಿವರ ಸಂಸತ್ತಿಗೇ ಸಿಗಲಿಲ್ಲ. ಗುಟ್ಟಿನ ಒಪ್ಪಂದವಿದೆ ಎಂದರು. 2018ರಲ್ಲಿ ಸುಪ್ರೀಂ ಕೋರ್ಟಿಗೆ ಮುಚ್ಚಿದ ಲಕೋಟೆಯಲ್ಲಿ ಕೊಟ್ಟರು. 2019ರಲ್ಲಿ ಮಹಾಲೇಖಪಾಲರ ವರದಿ ಬಂತು, ಅದರಲ್ಲೂ ಬೆಲೆಯನ್ನು ಮರೆಮಾಡಿತ್ತು. ನನ್ನ ಅಮ್ಮನ ಆದಾಯ ಎಷ್ಟೆಂದು ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ನೋಡಬಹುದು. ಇದು ಇವತ್ತಿನ ಒಂದು ಪಕ್ಷದ ಕತೆಯಲ್ಲ. 1986ರಲ್ಲಿ ಬೋಫೋರ್ಸ್ ಫಿರಂಗಿ ಕೊಂಡದ್ದು ಇನ್ನೊಂದು ಪಕ್ಷದ ಸರ್ಕಾರ. ಮರುವರ್ಷ ಅದರ ಲಂಚದ ಸುದ್ದಿಯನ್ನು ನಮಗೆ ಹೇಳಿದ್ದು ಸ್ವೀಡನ್ನಿನ ರೇಡಿಯೋ.

ಈ ಪ್ರಶ್ನೆ ಕೇಳಿದವರಲ್ಲಿ ನಾವೇ ಮೊದಲಿಗರಲ್ಲ. 1951ರಲ್ಲಿ ಬಾಬಾಸಾಹೇಬರು ನೆಹರೂ ಸಂಪುಟಕ್ಕೆ ರಾಜೀನಾಮೆ ಕೊಟ್ಟರು. ಹಿಂದೂ ಕೋಡ್ ಬಿಲ್ಲಿಗಾಗಿ ಕೊಟ್ಟರು ಎಂದಷ್ಟೇ ಪಾಠಪುಸ್ತಕ ಹೇಳುತ್ತದೆ. ಅವರ ರಾಜೀನಾಮೆ ಹೇಳಿಕೆಯನ್ನು ಪೂರ್ತಿ ಓದಿದವರಿಗೆ ಬೇರೆ ಕಾರಣಗಳೂ ಕಾಣುತ್ತವೆ. ಪರಿಶಿಷ್ಟ ಜಾತಿಗಳನ್ನು ಸರ್ಕಾರ ಕಡೆಗಣಿಸಿದ್ದು ಒಂದು. ಇನ್ನೊಂದು ಈ ಸೈನ್ಯದ ಖರ್ಚು. ವರ್ಷಕ್ಕೆ 350 ಕೋಟಿ ಆದಾಯವಿರುವ ದೇಶ ಸುಮಾರು 180 ಕೋಟಿಯನ್ನು ಸೈನ್ಯಕ್ಕೇ ಸುರಿಯುತ್ತಿದೆ, ನಮ್ಮ ವಿದೇಶಾಂಗ ನೀತಿ ನಮಗೆ ಸ್ನೇಹಿತರೇ ಇಲ್ಲದಂತೆ ಮಾಡಿದ್ದರ ಫಲ ಇದು ಎಂದು ಅವರು ಲೆಕ್ಕ ಹಾಕಿ ತೋರಿಸಿದರು. ಆ ಹೇಳಿಕೆಯನ್ನು ಸದನದಲ್ಲಿ ಓದಲು ಬಿಡಲಿಲ್ಲ. ಮೊದಲೇ ಪ್ರತಿ ಕೊಡಿ ಎಂದರು. ಅವರು ಎದ್ದು ಹೊರಗೆ ಬಂದು ಪತ್ರಿಕೆಗಳಿಗೆ ಕೊಟ್ಟರು. ಸೈನಿಕ ಸುಬೇದಾರನ ಮಗ ಅವರು. ಮಹಾರ್ ಹುಡುಗರಿಗೆ ಸೈನ್ಯದ ಬಾಗಿಲು ತೆರೆಯಬೇಕೆಂದು ಹೋರಾಡಿದವರು. ಅವರಿಗೆ ದೇಶಪ್ರೇಮದ ಪಾಠ ಹೇಳಲು ಯಾವ ಟೀವಿಯವನಿಗೂ ಯೋಗ್ಯತೆ ಇಲ್ಲ. ರಾಜತಾಂತ್ರಿಕರು ಕೆಟ್ಟಲ್ಲಿ ಖಜಾನೆ ದಂಡ ಕಟ್ಟುತ್ತದೆ ಎಂಬ ಮಾತನ್ನು ಅವರು ಅಂದೇ ಎತ್ತಿದ್ದರು. ನೆರೆಹೊರೆಯ ಎಷ್ಟು ದೇಶ ಇವತ್ತು ನಮ್ಮ ಜೊತೆ ನೆಟ್ಟಗೆ ಮಾತಾಡುತ್ತಿದೆ, ನೀವೇ ಎಣಿಸಿ.

ಶೇಕಡಾವಾರು ನಿಗದಿಯಾಗಲಿ ಎನ್ನುವವರಿಗೆ ನನ್ನ ಒಂದೇ ಮಾತು: ಆಗಲಿ, ಆದರೆ ಸರದಿಯಲ್ಲಿ ಬನ್ನಿ. ನಿಮಗಿಂತ ಮುಂದೆ ನಿಂತವರಿದ್ದಾರೆ. ಶಿಕ್ಷಣಕ್ಕೆ ರಾಷ್ಟ್ರೀಯ ಆದಾಯದ ನೂರಕ್ಕೆ ಆರು ಕೊಡಬೇಕೆಂದು ಕೊಠಾರಿ ಆಯೋಗ ಹೇಳಿದ್ದು 1966ರಲ್ಲಿ. ಕೇಂದ್ರ, ರಾಜ್ಯ ಎರಡೂ ಸೇರಿಯೂ ಅದು ಬರಲಿಲ್ಲ. 2020ರ ಹೊಸ ಶಿಕ್ಷಣ ನೀತಿಯಲ್ಲಿ ಅದೇ ಆರನ್ನು ಮತ್ತೆ ಬರೆದರು. ಬರೆಯುವುದಕ್ಕೆ ಖರ್ಚಿಲ್ಲವಲ್ಲ. ಆರೋಗ್ಯಕ್ಕೆ 2025ರೊಳಗೆ ಎರಡೂವರೆ ಎಂದು 2017ರ ಆರೋಗ್ಯ ನೀತಿ ಮಾತು ಕೊಟ್ಟಿತು. 2025 ಬಂತು, ಹೋಯಿತು, ಎರಡೂವರೆ ಬರಲಿಲ್ಲ. ಈ ಆರಕ್ಕಾಗಿ, ಈ ಎರಡೂವರೆಗಾಗಿ ಯಾವ ಜನರಲ್ ಟೀವಿಯಲ್ಲಿ ಮೇಜು ಗುದ್ದಿದ? ಯಾವ ಅಮೆರಿಕ ಒತ್ತಾಯಿಸಿತು?

ಶಿಕ್ಷಣ, ಆರೋಗ್ಯ ರಾಜ್ಯದ ಕೆಲಸವಲ್ಲವೇ ಎಂದು ಕೆಲವರು ಜಾರಿಕೊಳ್ಳುತ್ತಾರೆ. ಸರಿ, ಬೆಂಗಳೂರಿನ ಲೆಕ್ಕವನ್ನೂ ನೋಡುವ. ನಮ್ಮ ಜನಸಂಖ್ಯೆಗೆ ತಕ್ಕಷ್ಟು ಹಣವನ್ನು ನಮಗೇ ಖರ್ಚು ಮಾಡಬೇಕೆಂದು ಕರ್ನಾಟಕದಲ್ಲಿ 2013ರಲ್ಲಿ ಕಾಯ್ದೆಯೇ ಆಯಿತು. ಎಸ್‌ಸಿಎಸ್‌ಪಿ-ಟಿಎಸ್‌ಪಿ ಎನ್ನುತ್ತಾರೆ. ನಮಗೆ ಕಾನೂನಿನಲ್ಲಿ ಸಿಕ್ಕ ಶೇಕಡಾ ಅದೊಂದೇ. ಅದಕ್ಕೆ 7(ಡಿ) ಎಂಬ ತೂತು ಇತ್ತು, 2023ರಲ್ಲಿ ಮುಚ್ಚಿದರು. ಮುಚ್ಚಿದವರೇ ಅದೇ ವರ್ಷ ಆ ನಿಧಿಯಿಂದ ಹನ್ನೊಂದು ಸಾವಿರ ಕೋಟಿ, ಮರುವರ್ಷ ಹದಿನಾಲ್ಕು ಸಾವಿರ ಕೋಟಿ ಗ್ಯಾರಂಟಿ ಯೋಜನೆಗಳಿಗೆ ತಿರುಗಿಸಿದರು. ಗ್ಯಾರಂಟಿ ನಮ್ಮವರಿಗೂ ಸಿಗುತ್ತದೆ ಎಂಬ ಸಮಜಾಯಿಷಿ. ಎಲ್ಲರಿಗೂ ಕೊಡುವುದನ್ನು ನಮ್ಮ ಪಾಲಿನಿಂದಲೇ ಏಕೆ ಕೊಡಬೇಕು? ಸೈನ್ಯದ ಹಣದಿಂದ ಒಂದು ಬಸ್ ಟಿಕೆಟ್ಟಿಗೆ ತಿರುಗಿಸಲಿ, ಆಗ ನೋಡುವ.

ಇನ್ನು ಕಡಲಿನ ಮಾತು. ನಮಗೆ ಇಲ್ಲಿ ಗಡಿ ಎಂದರೆ ಕಡಲು. ಅದನ್ನು ಕಾಯುವುದಕ್ಕೆಂದೇ ಕಾರವಾರದಲ್ಲಿ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದರು. ಕಾರವಾರ-ಅಂಕೋಲೆ ನಡುವೆ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದು ಹೋದವು. ಮೀನು ಹಿಡಿಯುವವರು, ಗದ್ದೆ ಮಾಡುವ ಹಾಲಕ್ಕಿಗಳು. 2005ರಲ್ಲಿ ಐಎನ್‌ಎಸ್ ಕದಂಬ ಉದ್ಘಾಟನೆಯಾದಾಗಲೂ ಪರಿಹಾರದ ಮೊಕದ್ದಮೆಗಳು ಕೋರ್ಟಿನಲ್ಲೇ ಇದ್ದವು. ದೇಶಕ್ಕೆ ಬೇಕೆಂದಾಗ ಸಾವಿರಾರು ಎಕರೆ ಒಂದೇ ಆದೇಶದಲ್ಲಿ ಸಿಗುತ್ತದೆ. ಪ್ರತಿ ಕೊರಗ ಕುಟುಂಬಕ್ಕೆ ಎರಡೂವರೆ ಎಕರೆ ಕೊಡಿ ಎಂದು ಡಾ. ಮಹಮ್ಮದ್ ಪೀರ್ ವರದಿ ಹೇಳಿದ್ದು 1990ರ ದಶಕದಲ್ಲಿ. ಅದಕ್ಕೆ ಮಾತ್ರ ಡೀಮ್ಡ್ ಫಾರೆಸ್ಟು, ಗೋಮಾಳ, ಸರ್ವೆ ಬಾಕಿ. ಮೂವತ್ತು ವರ್ಷ ದಾಟಿದರೂ ಭೂಮಿಗಾಗಿ ಧರಣಿ ಕೂರುವುದು ತಪ್ಪಿಲ್ಲ.

2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮಂದಿಯೊಂದಿಗೆ ಕಾಣೆಯಾಯಿತು. ಜನವರಿಯಲ್ಲಿ ಮೀನುಗಾರರು ಸಾವಿರ ಸಾವಿರ ಸಂಖ್ಯೆಯಲ್ಲಿ ಹೆದ್ದಾರಿಗೆ ಇಳಿದರು. ನೌಕಾಪಡೆಯ ಹಡಗು ಬಡಿದಿರಬಹುದೇ ಎಂದು ಕೇಳಿದರು, ನೌಕಾಪಡೆ ಅಲ್ಲವೆಂದಿತು. 2019ರ ಮೇ ತಿಂಗಳಲ್ಲಿ ಬೋಟಿನ ಅವಶೇಷ ಮಾಲ್ವಣದ ಆಚೆ ಕಡಲ ತಳದಲ್ಲಿ ಸಿಕ್ಕಿತು. ಹುಡುಕಿಕೊಟ್ಟದ್ದು ನೌಕಾಪಡೆಯೇ, ಅದನ್ನೂ ಹೇಳಬೇಕು. ಆದರೆ ಆ ಏಳು ಮನೆಗಳಿಗೆ ಬೇಕಾಗಿದ್ದ ರಕ್ಷಣೆ ಯಾವುದು? ಬೋಟು ಎಲ್ಲಿದೆಯೆಂದು ದಡಕ್ಕೆ ತಿಳಿಸುವ ಯಂತ್ರ, ಕೂಗಿದಾಗ ಕೂಡಲೇ ಹೊರಡುವ ದೋಣಿ. ಇವುಗಳ ಬೆಲೆ ಒಂದು ವಿಮಾನದ ರೆಕ್ಕೆಯ ತುದಿಯಷ್ಟೂ ಇಲ್ಲ. ಮಳೆಗಾಲದಲ್ಲಿ ನಮ್ಮ ಕರಾವಳಿಯ ತೆಂಗಿನ ಮರಗಳನ್ನು ಬುಡಸಹಿತ ಎಳೆದುಕೊಂಡು ಹೋಗುವುದು ಚೀನಾ ಅಲ್ಲ, ಪಾಕಿಸ್ತಾನವೂ ಅಲ್ಲ. ಕಡಲು. ಪ್ರತಿ ವರ್ಷ ನೆಲ ಕಳೆದುಕೊಳ್ಳುವ ಗಡಿ ಇದು, ಇದಕ್ಕೆ ನಾಲ್ಕು ಲೋಡು ಕಲ್ಲು ಹಾಕಿಸಲು ಶಾಸಕರ ಮನೆಬಾಗಿಲು ಕಾಯಬೇಕು.

ಸೈನಿಕನ ಮೇಲಿನ ಪ್ರೀತಿಯಿಂದಲೇ ಹಣ ಕೇಳುತ್ತಾರೋ ಎಂದರೆ ಅದೂ ಅಲ್ಲ. 6.81 ಲಕ್ಷ ಕೋಟಿಯಲ್ಲಿ 1.60 ಲಕ್ಷ ಕೋಟಿ ಪಿಂಚಣಿ. ಪಿಂಚಣಿ ಹೊರೆಯಾಯಿತು, ಹೊಸ ಆಯುಧಕ್ಕೆ ಹಣ ಉಳಿಯುತ್ತಿಲ್ಲ ಎಂದು ವರ್ಷಗಟ್ಟಲೆ ಗೋಳಾಡಿದವರು ಇದೇ ತಜ್ಞರು. 2022ರ ಜೂನ್‌ನಲ್ಲಿ ಅಗ್ನಿಪಥ ಬಂತು. ನಾಲ್ಕು ವರ್ಷದ ನೌಕರಿ, ನೂರಕ್ಕೆ ಇಪ್ಪತ್ತೈದು ಮಂದಿಗೆ ಮಾತ್ರ ಮುಂದುವರಿಕೆ, ಉಳಿದವರಿಗೆ ಒಂದು ಗಂಟು ಕೊಟ್ಟು ಮನೆಗೆ, ಪಿಂಚಣಿ ಇಲ್ಲ. ಬೆಳಿಗ್ಗೆ ಕಡಲ ಬದಿಯ ಹೊಯಿಗೆಯಲ್ಲಿ ಓಡುತ್ತ ಭರ್ತಿಗೆ ತಯಾರಾಗುವ ಹುಡುಗರು ಯಾರ ಮಕ್ಕಳು? ಬೀಡಿ ಕಟ್ಟುವವಳ, ಮೀನು ಹೊರುವವಳ, ಗಾರೆ ಕೆಲಸದವನ ಮಕ್ಕಳು. ಅವರ ಸಂಬಳ-ಪಿಂಚಣಿ ಹೊರೆ, ಕಂಪೆನಿಯ ಬಿಲ್ಲು ಮಾತ್ರ ರಾಷ್ಟ್ರರಕ್ಷಣೆ!

ಕಾರ್ಯಕರ್ತರೂ ವಿದ್ಯಾರ್ಥಿಗಳೂ ಈಗ ಮಾಡಬೇಕಾದ್ದು ಇಷ್ಟು. ಪ್ರತಿ ಫೆಬ್ರವರಿಯಲ್ಲಿ ಬಜೆಟ್ ಬಂದ ದಿನ ಆದಾಯ ತೆರಿಗೆ ಎಷ್ಟು ಇಳಿಯಿತು ಎಂದು ಪೇಟೆಯವರು ನೋಡುತ್ತಾರೆ. ನಾವು ಬೇರೆ ಪುಟ ತೆರೆಯಬೇಕು. ರಕ್ಷಣೆಗೆ ಎಷ್ಟು, ಅದರಲ್ಲಿ ಸೈನಿಕನಿಗೆ ಎಷ್ಟು, ಆಯುಧದವನಿಗೆ ಎಷ್ಟು, ವಿದ್ಯಾರ್ಥಿವೇತನಕ್ಕೆ ಎಷ್ಟು, ಹಿಂದಿನ ವರ್ಷ ಕೊಟ್ಟದ್ದರಲ್ಲಿ ಖರ್ಚಾದದ್ದು ಎಷ್ಟು. ಐದು ಸಾಲು ಸಾಕು. ಶಾಲೆಯ ಕರಿಹಲಗೆಯಲ್ಲಿ, ಸಂಘದ ಗೋಡೆಯಲ್ಲಿ, ಗ್ರಾಮಸಭೆಯಲ್ಲಿ ಬರೆದು ಹಾಕಿ. ಓಟು ಕೇಳಲು ಬಂದ ಸಂಸದರ ಮುಂದೆ ಅದೇ ಐದು ಸಾಲು ಓದಿ, ಆರಕ್ಕೆ ಆರು, ಎರಡೂವರೆಗೆ ಎರಡೂವರೆ ಬರುವ ತನಕ ಮೂರಕ್ಕೆ ಕೈ ಎತ್ತುತ್ತೀರಾ ಇಲ್ಲವಾ ಎಂದು ಕೇಳಿ. ಉತ್ತರವನ್ನು ಎಲ್ಲರೆದುರು ಬರೆದಿಟ್ಟುಕೊಳ್ಳಿ. ನಮ್ಮ ಕಾಲನಿಯಲ್ಲಿ ಪಟ್ಟಿ ತಯಾರಾಗಿದೆ. ಮಾವನೂ ಅದಕ್ಕೆ ಹೆಬ್ಬೆಟ್ಟು ಒತ್ತಿದ್ದಾರೆ.